ಮಗ್ಗಿ ಬಾಯಿಗೆ ಬಂತು, ಮುಂದೆ?

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವ ಅಪ್ಪ-ಅವ್ವಂದಿರೇ, ಮಗ್ಗಿಯನ್ನು ಮನೆಯಲ್ಲಿ ಕನ್ನಡದಲ್ಲೇ ಗಟ್ಟಿಯಾಗಿ ಹೇಳಿಸಿರಿ. ‘ಎಂಟೊಂಬತ್ಲೆ ಎಪ್ಪತ್ತೆರಡು’ ಅಂದಾಗ ಎಪ್ಪತ್ತು ಮೊದಲು, ಎರಡು ಆಮೇಲೆ. ಪಾಟಿಯ ಮೇಲೆ ಬರೆಯುವುದೂ ಅದೇ ಕ್ರಮದಲ್ಲಿ. ಮರಾಠಿಯ ‘ಬಾಹತ್ತರ’ದಲ್ಲಿ ಎರಡು ಮೊದಲು ಬರುತ್ತದೆ. 2019ರಲ್ಲಿ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ ‘ಸತ್ತರ ದೋನ್’ ಎಂಬಂಥ ಓದನ್ನೂ ತಂದಾಗ ಮಹಾರಾಷ್ಟ್ರದ ತುಂಬ ಚರ್ಚೆಯಾಯಿತು. ನಮ್ಮ ಮಕ್ಕಳಿಗೆ ಎಪ್ಪತ್ತು ಮೊದಲು ಹೇಳುವ ಆ ಅನುಕೂಲ ತಾಯ್ನುಡಿಯಲ್ಲೇ ಇದೆ. ಪೇಟೆಯ ವ್ಯವಹಾರಕ್ಕೆ ಮರಾಠಿ ಪಾಢೆಯೂ ಬೇಕು; ಅದನ್ನು ಆಮೇಲೆ ಕಲಿಯಲಿ.

ಆದರೆ ಬಾಯಿಪಾಠಕ್ಕೇ ನಿಲ್ಲಿಸಬೇಡಿ. 7, 14, 21 ಎಂದು 70ರವರೆಗೆ ಏರಿದ ಮಗು ಏಳೇಳು ಕಳೆಯುತ್ತ ಇಳಿದೂ ಬರಲಿ. ಹನ್ನೆರಡರ ಮಗ್ಗಿ ಮರೆತರೆ ಹತ್ತರದ್ದಕ್ಕೆ ಎರಡರದ್ದು ಕೂಡಿಸಲಿ: ಹನ್ನೆರಡೇಳ್ಲೆ ಎಂದರೆ 70ಕ್ಕೆ 14 ಸೇರಿ 84. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಎಸ್‌.ಟಿ. ಬಸ್ಸಿನಲ್ಲಿ ಹೊರಟಾಗ ಎದುರಿನ ಗಾಡಿಯ ನಂಬರು ತೋರಿಸಿ, ‘ಇದು ಮೂರರ ಮಗ್ಗಿಯೊಳಗ ಬರ್ತದೇನವಾ?’ ಎಂದು ಕೇಳಿ. 4827 ಇದ್ದರೆ 4, 8, 2, 7 ಕೂಡಿ 21. ಅದು ಮೂರರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಹಾಗಾಗಿ 4827 ಕೂಡ. ತಪ್ಪಿದರೆ ಬೈಯದೆ ಮುಂದಿನ ಗಾಡಿಯ ನಂಬರು ತೋರಿಸಿ.