ತಟ್ಟೆಯ ಬಣ್ಣ ಗಾಳಕ್ಕೆ ಬೇಡ

ತಮ್ಮಾ, ನೀನು ಕಳಿಸಿದ ಡಬ್ಬಿ ಬಿಚ್ಚಿ ನೋಡಿದೆ. ಗಾಳಕ್ಕೆ ದಾರ, ಗರಿ ಸುತ್ತಿ ಕಟ್ಟಿದ ಹನ್ನೆರಡು ಸಿಗಡಿ ಫ್ಲೈ. ದಾರದ ಸುತ್ತು ಬಿಗಿ, ಗಂಟು ಅಚ್ಚುಕಟ್ಟು, ಕೈ ಪಳಗಿದೆ. ಆದರೆ ಹನ್ನೆರಡೂ ಕೆಂಪು. ಅದು ಸಾರಿನಲ್ಲಿ ಬೆಂದ ಸಿಗಡಿಯ ಬಣ್ಣ. ಜೀವವಿದ್ದಾಗ ಆ ಕೆಂಪು ಚಿಪ್ಪಿನೊಳಗೆ ಪ್ರೋಟೀನಿಗೆ ಅಂಟಿಕೊಂಡು ಅಡಗಿರುತ್ತದೆ. ಬಿಸಿ ತಾಗಿ ಪ್ರೋಟೀನು ಕೆಟ್ಟ ಮೇಲೆ ಹೊರಗೆ ಕಾಣುತ್ತದೆ. ನೀನು ತಟ್ಟೆಯಲ್ಲಿ ಕಂಡದ್ದನ್ನು ಕಟ್ಟಿದ್ದೀಯ. ಮೀನು ತಟ್ಟೆ ನೋಡಿಲ್ಲ.

ನಮ್ಮ ಘತ್ತರಗಿಯಿಂದ ಕಡಲು ದೂರ. ನಮ್ಮ ಭೀಮೆಯ ನೀರು ಕೃಷ್ಣೆಗೆ ಸೇರಿ ಪೂರ್ವದ ಕಡಲಿಗೆ ಹೋಗುತ್ತದೆ, ನೀನು ಹೊರಟಿರುವುದು ಪಶ್ಚಿಮಕ್ಕೆ, ಕುಮಟಾದ ಅಘನಾಶಿನಿ ಅಳಿವೆಗೆ. ನಾನು ನೌಕರಿಗೆಂದು ಆ ಕಡೆ ಇದ್ದ ವರ್ಷಗಳಲ್ಲಿ ಕಲಿತದ್ದನ್ನು ಹೇಳುತ್ತೇನೆ. ಆದರೆ ಮೊದಲ ಪಾಠ ಇಲ್ಲಿಯೇ ಇದೆ. ರಾತ್ರಿ ಬ್ಯಾಟರಿ ಹಿಡಿದು ಹೊಳೆಯ ಮೆಟ್ಟಿಲ ಬದಿಯ ನಿಂತ ನೀರಿಗೆ ಬೆಳಕು ಬಿಡು. ಕೆಂಡದ ಚೂರಿನಂತೆ ಹೊಳೆಯುವ ಜೋಡಿ ಚುಕ್ಕಿಗಳು ಸಿಗಡಿಯ ಕಣ್ಣು. ನಮ್ಮ ಸಿಗಡಿ ಚಿಕ್ಕದು, ಸಿಹಿನೀರಿನದು. ಉಪ್ಪುನೀರಿನದರ ಜಾತಿ ಬೇರೆ, ನಡೆ ಒಂದೇ. ನಾಲ್ಕನ್ನು ಹಿಡಿದು ಗಾಜಿನ ಬಾಟಲಿಯಲ್ಲಿ ಬಿಟ್ಟು ಒಂದು ತಾಸು ಸುಮ್ಮನೆ ನೋಡು.

ಮೈ ಆಚೆಯದು ಕಾಣುವಷ್ಟು ತಿಳಿ. ಕಣ್ಣು ತಲೆಗೆ ಅಂಟಿಲ್ಲ, ಕಡ್ಡಿಯ ತುದಿಯಲ್ಲಿ ಹೊರಗೆ ನಿಂತಿವೆ. ಹೆದರದಿದ್ದಾಗ ಹೊಟ್ಟೆಯಡಿಯ ಐದು ಜೋಡಿ ಪುಟ್ಟ ಕಾಲುಗಳನ್ನು ಬೀಸುತ್ತಾ ನಿಧಾನ ಮುಂದೆ ಹೋಗುತ್ತದೆ. ಬಾಟಲಿಗೆ ಬೆರಳಿನಿಂದ ತಟ್ಟು. ಬಾಲವನ್ನು ಒಮ್ಮೆಲೆ ಹೊಟ್ಟೆಯಡಿಗೆ ಮಡಚಿ ಚಂಗನೆ ಹಿಂದಕ್ಕೆ ಹಾರುತ್ತದೆ. ಓಡುವ ಸಿಗಡಿ ಬಾಲ ಮುಂದೆ ಮಾಡಿ ಓಡುತ್ತದೆ. ಮೀನು ಅಟ್ಟಿಸಿಕೊಂಡು ಹೋಗುವುದು ಅದರ ಮುಖವನ್ನೇ ನೋಡುತ್ತಾ.

ಈಗ ನಿನ್ನ ಫ್ಲೈ ನೋಡು. ನೂಲು ಕಟ್ಟುವ ಉಂಗುರದ ಕಡೆ ತಲೆ ಇಟ್ಟಿದ್ದೀಯ. ನೂಲು ಎಳೆದಾಗ ನಿನ್ನ ಸಿಗಡಿ ತಲೆ ಮುಂದೆ ಮಾಡಿ ಓಡುತ್ತದೆ, ಯಾವ ಸಿಗಡಿಯೂ ಹಾಗೆ ಓಡುವುದಿಲ್ಲ. ತಿರುಗಿಸಿ ಕಟ್ಟು. ಕಣ್ಣು, ಮೀಸೆ ಗಾಳದ ಬಾಗಿನ ಕಡೆ ಬರಲಿ, ಬಾಲ ಉಂಗುರದ ಕಡೆ. ಕಣ್ಣಿಗೆ ದಪ್ಪ ನೈಲಾನ್ ನೂಲಿನ ತುದಿಯನ್ನು ದೀಪಕ್ಕೆ ಹಿಡಿ, ಕರಗಿ ಕಪ್ಪು ಗುಂಡಾಗುತ್ತದೆ. ಮೀಸೆಗೆ ನಾಲ್ಕೈದು ಎಳೆ ಸಾಕು. ಮೈಗೆ ಆಡಿನ ಕೂದಲು, ಕಾಲಿಗೆ ಹುಂಜದ ಕುತ್ತಿಗೆಯ ಗರಿ, ಎರಡಕ್ಕೂ ಅಫಜಲಪುರದ ಸಂತೆಯಾಚೆ ಹೋಗಬೇಕಿಲ್ಲ. ಹೊರದೇಶದವರು ಜಿಂಕೆ ಬಾಲ ಬಳಸುತ್ತಾರೆಂದು ನೀನು ಹುಡುಕಬೇಡ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಕಾಯ್ದೆ ಇಲ್ಲದಿದ್ದರೂ ಬೇಡ ಎನ್ನುತ್ತಿದ್ದೆ. ಬಣ್ಣ ಮರಳಿನದು, ಇಲ್ಲವೇ ಪಾಚಿಯ ಮಾಸಲು ಹಸಿರು. ನೀರಲ್ಲಿ ಅದ್ದಿ ಬೆಳಕಿಗೆ ಹಿಡಿದಾಗ ಒಳಗಿನ ಗಾಳದ ಕಡ್ಡಿ ನೆರಳಾಗಿ ಕಾಣಬೇಕು. ಕಾಣದಿದ್ದರೆ ಅರ್ಧ ಕೂದಲು ಕಿತ್ತುಹಾಕು.

ಉಂಗುರದ ಹತ್ತಿರ, ಕಡ್ಡಿಯ ಬೆನ್ನ ಮೇಲೆ ಸರಪಳಿಯ ಎರಡು ಲೋಹದ ಮಣಿ ಬಿಗಿದರೆ ಭಾರಕ್ಕೆ ಗಾಳ ಮಗುಚಿ ಮೊನೆ ಮೇಲಾಗುತ್ತದೆ, ತಳದ ಕಲ್ಲಿಗೆ, ಕಾಂಡ್ಲಾ ಮರದ ಬೇರಿಗೆ ಸಿಕ್ಕುವುದು ಕಡಿಮೆ. ಬಹಾಮಾಸಿನ ತೆಳುನೀರಿನಲ್ಲಿ ಬೋನ್‌ಫಿಶ್ ಹಿಡಿಯಲು ಬಾಬ್ ನೌಹೈಮ್ ಕಟ್ಟಿದ, ಅಲ್ಲಿನ ಮಾರ್ಗದರ್ಶಿ ಚಾರ್ಲಿ ಸ್ಮಿತ್ ಹೆಸರು ಹೊತ್ತ ಕ್ರೇಜಿ ಚಾರ್ಲಿ ಎಂಬ ಫ್ಲೈಯ ಉಪಾಯವೂ ಇದೇ. ಅದರಲ್ಲಿ ಮುಖ್ಯವಾಗಿ ಇರುವುದು ಚೂರು ಗರಿ, ಒಂದು ಜೋಡಿ ಮಣಿ.

ಇನ್ನು ಕೈಯ ಮಾತು. ಹೊಳೆಯಲ್ಲಿ ಬೆಂಡು ಮುಳುಗಿದೊಡನೆ ಬಿದಿರು ಮೇಲಕ್ಕೆ ಚಿಮ್ಮುವುದು ನಮ್ಮ ರಕ್ತಕ್ಕೆ ಇಳಿದ ಅಭ್ಯಾಸ. ಅಳಿವೆಯಲ್ಲಿ ಅದೇ ನಿನ್ನ ಶತ್ರು. ಕೋಲು ಎತ್ತಿದರೆ ಫ್ಲೈ ಮೀನಿನ ಎದುರಿನಿಂದಲೇ ಹಾರಿಹೋಗುತ್ತದೆ. ಕೋಲಿನ ತುದಿ ನೀರಿನ ಕಡೆಯೇ ಇರಲಿ, ಎಡಗೈಯಿಂದ ನೂಲನ್ನು ನೇರ, ಗಟ್ಟಿಯಾಗಿ ಎಳೆ. ತಪ್ಪಿದರೂ ಫ್ಲೈ ಅಲ್ಲೇ ಒಂದು ಮೊಳ ಮುಂದಿರುತ್ತದೆ, ಮೀನು ತಿರುಗಿ ಬರುತ್ತದೆ. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ನಾನು ಕಳೆದುಕೊಂಡ ಕೆಂಬೇರಿ ಮೀನುಗಳಲ್ಲಿ ಹೆಚ್ಚಿನವು ಈ ಒಂದು ಚಟಕ್ಕೇ ಹೋದವು.

ಕೊನೆಗೆ ನೀರಿನ ಮಾತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ನಮ್ಮ ಸೇತುವೆ ಮುಳುಗಿದ್ದನ್ನು ನೀನು ಕಂಡಿದ್ದೀಯ. ಮೇಲಿನಿಂದ ಉಜನಿ ಅಣೆಕಟ್ಟಿನ ನೀರು ಬಿಟ್ಟರೆ ನಮಗೆ ಮೊದಲೇ ಸುದ್ದಿ ಬರುತ್ತದೆ. ಕಡಲು ಸುದ್ದಿ ಕಳಿಸುವುದಿಲ್ಲ, ನೀನೇ ಲೆಕ್ಕ ಇಡಬೇಕು. ಹೆಚ್ಚುಕಡಿಮೆ ಆರು ತಾಸಿಗೆ ಭರತ, ಆರು ತಾಸಿಗೆ ಇಳಿತ, ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ ನಮ್ಮ ಊರಿಗೆ ಭಾಗ್ಯವಂತಿ ದೇವಿಯ ಭಕ್ತರು ನೆರೆಯುವ ದಿನ, ಅಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುವ ದಿನ. ಒಮ್ಮೆ ಮರಳದಿಬ್ಬದ ಮೇಲೆ ಮೈಮರೆತು ನಿಂತೆ, ತಿರುಗಿ ನೋಡುವಾಗ ಹಿಂದಿನ ಕಾಲುವೆ ಎದೆಮಟ್ಟ ಆಗಿತ್ತು. ದೋಣಿಯವರೊಬ್ಬರು ಕರೆದೊಯ್ದದ್ದರಿಂದ ಈ ಮಾತು ಹೇಳುತ್ತಿದ್ದೇನೆ. ಇಳಿತ ಶುರುವಾದಾಗ ಗಜನಿ ಎಂಬ ಅಳಿವೆ ಬದಿಯ ತಗ್ಗು ಗದ್ದೆಗಳ ಕಟ್ಟೆಯ ಬಾಗಿಲ ಬಳಿ ನಿಲ್ಲು. ಹೊರಬರುವ ನೀರಿನ ಜೊತೆ ಸಿಗಡಿಯೂ ಬರುತ್ತದೆ, ಅದಕ್ಕಾಗಿ ಮೀನು ಕಾದಿರುತ್ತದೆ. ಭರತ ಮತ್ತೆ ಶುರುವಾಗುವ ಮೊದಲೇ ದಡಕ್ಕೆ ಬಂದುಬಿಡು. ಮನೆಗೆ ಬಂದು ರೀಲು, ಗಾಳ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆ, ಉಪ್ಪು ಒಂದು ರಾತ್ರಿಯನ್ನೂ ಸುಮ್ಮನೆ ಕಳೆಯುವುದಿಲ್ಲ.

ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡು, ಮೀನನ್ನು ಬಿಡಿಸುವುದು ಸುಲಭ. ಕೆಂಬೇರಿಯ ಮರಿ ಅಳಿವೆಯಲ್ಲೇ ಬೆಳೆದು ದೊಡ್ಡದಾದ ಮೇಲೆ ಕಡಲಿಗೆ ಹೋಗುತ್ತದೆ, ಅಂಗೈಯಷ್ಟರದ್ದನ್ನು ಬಿಡಲೇಬೇಕು. ಅಲ್ಲಿನ ಜನ ಆ ನೀರನ್ನೇ ನಂಬಿ ಬದುಕುವವರು, ನೀನು ಅಲ್ಲಿ ಅತಿಥಿ.

ನಿನ್ನ ಹನ್ನೆರಡು ಫ್ಲೈ ನನ್ನ ಹತ್ತಿರವೇ ಇರಲಿ. ಹೊರಡುವ ಮೊದಲು ಒಮ್ಮೆ ಊರಿಗೆ ಬಾ, ಬ್ಯಾಟರಿ ಮತ್ತು ಗಾಜಿನ ಬಾಟಲಿ ತೆಗೆದಿಟ್ಟಿದ್ದೇನೆ. ಇಬ್ಬರೂ ಹೊಳೆಗೆ ಹೋಗೋಣ.