ವಜ್ರದ ಕಾಠಿನ್ಯವೂ ಬೀಸುವ ಕಲ್ಲಿನ ತಾಳಿಕೆಯೂ

ವಜ್ರಕ್ಕಿಂತ ಗಟ್ಟಿಯಾದ ಕಲ್ಲಿಲ್ಲವೆಂದು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿರುವೆವು. ಆ ಮಾತು ನಿಜವೇ. ಆದರೆ ‘ಗಟ್ಟಿ’ ಎಂಬ ಒಂದೇ ಶಬ್ದದೊಳಗೆ ಎರಡು ಬೇರೆ ಬೇರೆ ಗುಣಗಳು ಅಡಗಿರುವವು. ಅವುಗಳ ಭೇದವನ್ನರಿಯದವರು ಬೆಲೆಯುಳ್ಳ ಹರಳನ್ನು ಒಂದೇ ಪೆಟ್ಟಿಗೆ ಕಳೆದುಕೊಂಡಾರು. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದೆ ಈ ಚಿಕ್ಕ ಪಾಠವನ್ನಿಡುತ್ತೇವೆ.

ಮೊದಲನೆಯ ಗುಣವು ಕಾಠಿನ್ಯ; ಅಂದರೆ ಗೀರನ್ನು ತಡೆಯುವ ಶಕ್ತಿ. 1812ರಲ್ಲಿ ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ಪಂಡಿತನು ಹತ್ತು ಖನಿಜಗಳನ್ನು ಸಾಲಾಗಿ ಇಟ್ಟನು. ಮುಂದಿನದು ಹಿಂದಿನದನ್ನು ಗೀರುವದು. ಬಳಪದ ಕಲ್ಲಿನಲ್ಲಿರುವ ಟಾಲ್ಕಿನ ಸ್ಥಾನ 1, ಸುಣ್ಣಕಲ್ಲಿನ ಕ್ಯಾಲ್ಸೈಟಿನದು 3, ಬೆಣಚುಕಲ್ಲಿನದು 7, ಮಾಣಿಕವೂ ನೀಲವೂ ಸೇರಿರುವ ಕುರುವಿಂದದ್ದು 9, ವಜ್ರದ್ದು 10. ಇವು ಬರಿಯ ಸ್ಥಾನದ ಅಂಕಿಗಳು. ನಿಜವಾಗಿ ಅಳೆದರೆ ವಜ್ರವು ಕುರುವಿಂದಕ್ಕಿಂತ ಸುಮಾರು ನಾಲ್ಕು ಪಟ್ಟು ಕಠಿನವಾಗಿರುವದು.

ಈ ಪರೀಕ್ಷೆಯನ್ನು ಹೂವಿನ ಹಿಪ್ಪರಗಿಯ ಸೀಮೆಯಲ್ಲಿಯೇ ಮಾಡಿ ನೋಡಬಹುದು. ಎರೆಹೊಲದಲ್ಲಿ ಸಿಗುವ ಬಿಳಿಯ ಸುಣ್ಣದ ಹರಳನ್ನು ಚಾಕುವಿನ ಮೊನೆಯು ಗೀರುವದು. ಬೆಣಚುಕಲ್ಲಿನ ಮೇಲೆ ಅದೇ ಮೊನೆಯು ಜಾರುವದು. ಆ ಕಲ್ಲಾದರೋ ಗಾಜನ್ನೇ ಗೀರುವದು.

ಎರಡನೆಯ ಗುಣವು ತಾಳಿಕೆ. ಅಂದರೆ ಪೆಟ್ಟನ್ನು ಸಹಿಸುವ ಶಕ್ತಿ. ಇದರಲ್ಲಿ ವಜ್ರವು ಮೊದಲನೆಯದಲ್ಲ. ವಜ್ರವು ಶುದ್ಧ ಇಂಗಾಲ. ಅದರ ಒಂದೊಂದು ಪರಮಾಣುವೂ ನಾಲ್ಕು ನೆರೆಯ ಪರಮಾಣುಗಳನ್ನು ಬಿಗಿಯಾಗಿ ಹಿಡಿದಿರುವದರಿಂದಲೇ ಅದಕ್ಕೆ ಈ ಕಾಠಿನ್ಯ. ಆದರೆ ನಾಲ್ಕು ದಿಕ್ಕುಗಳ ಸಮತಲಗಳಲ್ಲಿ ಅದು ಸುಲಭವಾಗಿ ಸೀಳುವದು. ಬೀಸುವ ಕಲ್ಲಿನ ಕರಿಕಲ್ಲಿನಲ್ಲಿಯಾದರೋ ಸಣ್ಣ ಸಣ್ಣ ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುವವು. ಬಿರುಕು ಹಬ್ಬಲು ನೇರವಾದ ದಾರಿಯಿಲ್ಲ. ವಜ್ರವು ಈ ಕಲ್ಲನ್ನು ಗೀರಬಲ್ಲದು. ಸುತ್ತಿಗೆಯ ಪೆಟ್ಟಿಗೆ ಮೊದಲು ಒಡೆಯುವದು ಮಾತ್ರ ವಜ್ರವೇ.

ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ 17ನೆಯ ಶತಮಾನದಲ್ಲಿ ವಿಜಾಪುರದಿಂದ ಎಂಟೊಂಬತ್ತು ದಿನಗಳ ಹಾದಿಯ ರಾವೋಲಕೊಂಡ ಎಂಬ ಗಣಿಯನ್ನು ಕಂಡನು. ಅದು ಇಂದಿನ ಕರ್ನೂಲು ಸೀಮೆಯ ರಾಮಳ್ಳಕೋಟವೆಂದು ಪಂಡಿತರು ಗುರುತಿಸಿರುವರು. ಹಾರೆಯ ಬಲವಾದ ಪೆಟ್ಟುಗಳಿಂದಲೇ ಅಲ್ಲಿಯ ವಜ್ರಗಳಲ್ಲಿ ಬಿರುಕುಗಳುಂಟಾಗುತ್ತಿದ್ದವೆಂದು 1676ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅವನು ಬರೆದಿರುವನು. ಅಲ್ಲಿಯ ಕುಶಲಿಗರು ಉಕ್ಕಿನ ಚಕ್ರಕ್ಕೆ ಎಣ್ಣೆಯೊಡನೆ ವಜ್ರದ ಪುಡಿಯನ್ನೇ ಹಚ್ಚಿ ವಜ್ರವನ್ನು ಸಾಣೆ ಹಿಡಿಯುತ್ತಿದ್ದರು. ವಜ್ರದ ಕಾಠಿನ್ಯವು ಎಲ್ಲ ದಿಕ್ಕಿನಲ್ಲಿಯೂ ಸಮವಲ್ಲದ್ದರಿಂದ, ಪುಡಿಯ ಗಟ್ಟಿಯಾದ ಮೂಲೆಗಳು ಹರಳಿನ ಮೆತ್ತಗಿನ ದಿಕ್ಕನ್ನು ಸವೆಸುವವು.

ನಮ್ಮ ಊರುಗಳಲ್ಲಿ ಕೊಳವೆಬಾವಿ ತೋಡುವ ಯಂತ್ರವನ್ನು ಕಂಡಿರುವಿರಷ್ಟೆ. ಕರಿಕಲ್ಲನ್ನು ಪೆಟ್ಟಿನಿಂದ ಪುಡಿಮಾಡುವ ಅದರ ಮೊನೆಗೆ ಟಂಗಸ್ಟನ್ ಕಾರ್ಬೈಡಿನ ಗುಂಡಿಗಳಿರುವವು. ವಜ್ರಕ್ಕಿಂತ ಅವುಗಳ ಕಾಠಿನ್ಯ ಕಡಿಮೆ, ತಾಳಿಕೆ ಹೆಚ್ಚು.

ಆದುದರಿಂದ ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ. ಹರಳು ನಿಜವೋ ಸುಳ್ಳೋ ಎಂದು ಸುತ್ತಿಗೆಯಿಂದ ಪರೀಕ್ಷಿಸಬೇಡಿರಿ, ನಿಜವಾದುದೂ ಒಡೆದೀತು. ವಜ್ರದ ಒಡವೆಯನ್ನು ಬೇರೆ ಅರಿವೆಯಲ್ಲಿ ಸುತ್ತಿಡಿರಿ. ಇಲ್ಲವಾದರೆ ಅದು ಪಕ್ಕದ ಮಾಣಿಕವನ್ನೂ ಬಂಗಾರವನ್ನೂ ಗೀರೀತು. ಬೀಸುವಾಗ, ಕುಟ್ಟುವಾಗ ಉಂಗುರವನ್ನು ತೆಗೆದಿಡಿರಿ. ಗೀರಿಗೆ ಅಂಜದ ಹರಳು ಪೆಟ್ಟಿಗೆ ಅಂಜುವದು.