ಸ್ಕಾಟ್ ಬಂಗಲೆ: ಸಮಾಧಿಯ ಸಾಕ್ಷ್ಯ ಮತ್ತು ಜನರ ಕಥನ

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಂಡೆಯ ಮೇಲೆ ಬಹುಕಾಲದಿಂದ ಪಾಳುಬಿದ್ದಿರುವ ಸ್ಕಾಟ್ ಬಂಗಲೆಯು ಚರಿತ್ರೆಯ ಪುಟಗಳಿಗಿಂತ ಹೆಚ್ಚಾಗಿ ಕಥೆಗಳಲ್ಲಿ ಉಳಿದುಕೊಂಡಿದೆ. ಕಥೆಯ ಸಾರ ಹೀಗಿದೆ: ಕಂಪನಿ ಸೈನ್ಯದ ಅಧಿಕಾರಿ ಕರ್ನಲ್ ಸ್ಕಾಟ್ ಕಾರ್ಯನಿಮಿತ್ತ ಹೊರಗೆ ಹೋಗಿ ಮರಳಿದಾಗ ಹೆಂಡತಿ ಮಕ್ಕಳು ಕಾಲರಾಕ್ಕೆ ಬಲಿಯಾಗಿರುತ್ತಾರೆ. ಆತ ದುಃಖದಿಂದ ಮನೆಯನ್ನು ಇದ್ದಂತೆಯೇ ಬಿಟ್ಟು ಹೊರಟುಹೋಗುತ್ತಾನೆ; ಇನ್ನೊಂದು ಪಾಠದಲ್ಲಿ ಕಾವೇರಿಗೆ ಹಾರುತ್ತಾನೆ. ಮನೆಯ ಒಂದು ವಸ್ತುವನ್ನೂ ಕದಲಿಸಕೂಡದೆಂದು ಮಹಾರಾಜರು ಅಪ್ಪಣೆ ಮಾಡಿದರೆಂಬುದು ಕಥೆಯ ಕೊನೆಯ ಭಾಗ. ಈ ಕಥನದ ಒಂದೊಂದು ಎಳೆಯನ್ನೂ ದೊರೆಯುವ ಆಧಾರಗಳೊಡನೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1799ರ ಮೇ 4ರಂದು ಟಿಪ್ಪು ಸುಲ್ತಾನನ ಪತನವಾದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ದ್ವೀಪವನ್ನು ಕಂಪನಿಯು ತನ್ನಲ್ಲೇ ಉಳಿಸಿಕೊಂಡಿತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷದಷ್ಟಿದ್ದಿರಬಹುದೆಂದು ಊಹಿಸಲಾದ ಜನಸಂಖ್ಯೆ 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದಾಗ ಸುಮಾರು 32 ಸಾವಿರಕ್ಕೆ ಇಳಿದಿತ್ತು. ಬರಿದಾಗುತ್ತಿದ್ದ ಈ ಊರಿನಲ್ಲಿ ಕಂಪನಿಯು ತೋಪುಗಾಡಿಗಳನ್ನು ತಯಾರಿಸುವ ಕಾರ್ಖಾನೆಯನ್ನು ನಡೆಸಿತು. ಸ್ಕಾಟ್ ಅದರ ಮುಖ್ಯಸ್ಥ. ಗಾಡಿಗಳಿಗೆ ಬೇಕಾದ ಎತ್ತುಗಳ ಕಥೆಯೂ ಈ ಸೀಮೆಯದೇ. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯು ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಆಗಿ, ಕಂಪನಿಯ ಕೈಸೇರಿದ ಬಳಿಕ ಹುಣಸೂರನ್ನು ಕೇಂದ್ರವಾಗಿಸಿಕೊಂಡಿತು. ಆದರೆ ದ್ವೀಪದ ಹವೆ ಬಿಳಿಯರಿಗೆ ಒಗ್ಗಲಿಲ್ಲ. ಜ್ವರದ ಕಾಟದಿಂದ 1809ರಲ್ಲಿ ದಂಡಿನ ಮುಖ್ಯ ನೆಲೆಯನ್ನು ಬೆಂಗಳೂರಿಗೆ ಸಾಗಿಸಲಾಯಿತು. ಅಂದರೆ ಸ್ಕಾಟ್ ಕುಟುಂಬ ಬಾಳಿದ್ದು ಎಲ್ಲರೂ ಬಿಟ್ಟುಹೋಗುತ್ತಿದ್ದ ಊರಿನಲ್ಲಿ.

ಇಲ್ಲಿನ ಗ್ಯಾರಿಸನ್ ಸ್ಮಶಾನದಲ್ಲಿ ಕ್ಯಾರೊಲೈನ್ ಇಸಬೆಲಾ ಸ್ಕಾಟ್ ಎಂಬಾಕೆಯ ಸಮಾಧಿಯಿದೆ. ಆಕೆ ತೀರಿಕೊಂಡದ್ದು 1817ರಲ್ಲಿ, ಹೆರಿಗೆಯ ಸಂದರ್ಭದಲ್ಲಿ. ಕಾಲರಾದ ಮೊದಲ ಮಹಾಮಾರಿ ಬಂಗಾಳದ ಜೆಸ್ಸೋರಿನಲ್ಲಿ ಕಾಣಿಸಿಕೊಂಡದ್ದು ಅದೇ ವರ್ಷದ ಆಗಸ್ಟಿನಲ್ಲಿ. ಅದು ಮದರಾಸು ಪ್ರಾಂತ್ಯವನ್ನು ತಲುಪಿದ್ದು 1818ರಲ್ಲಿ. ಆದ್ದರಿಂದ ಕಥೆಯ ಕಾಲರಾ ಅನಂತರ ಬಂದು ಸೇರಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಮಹಾಮಾರಿಯನ್ನು ಕಂಡ ತಲೆಮಾರೊಂದು ಅದಕ್ಕೂ ಮುಂಚಿನ ಒಂದು ಸಾವನ್ನು ತನ್ನ ಅನುಭವದ ಬೆಳಕಿನಲ್ಲಿ ಅರ್ಥಮಾಡಿಕೊಂಡಿತು. ಹೆರಿಗೆಯ ಸಾವು ಅಂದಿನ ಯಾವ ಮನೆಗೂ ಹೊಸದಾಗಿರಲಿಲ್ಲ. ಕಥೆಯಾಗುವಷ್ಟು ಬೆರಗು ಅದರಲ್ಲಿ ಜನರಿಗೆ ಕಾಣದೆಹೋಗಿರಬಹುದು.

ಮಹಾರಾಜರ ಅಪ್ಪಣೆಯ ಮಾತು ಇಷ್ಟು ಸರಳವಲ್ಲ. ದ್ವೀಪದ ಒಡೆತನ ಕಂಪನಿಯದಾಗಿದ್ದುದರಿಂದ ಅಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಜ್ಞೆ ನಡೆಯುವಂತಿರಲಿಲ್ಲ ಎನ್ನಬಹುದು. ಆದರೆ ಅದನ್ನು ವಾರ್ಷಿಕ ಗುತ್ತಿಗೆಯ ಮೇಲೆ ಮೈಸೂರಿಗೆ ಬಿಟ್ಟುಕೊಡಲಾಗಿತ್ತು. ಪೂರ್ಣವಾಗಿ ಮೈಸೂರಿಗೆ ಸೇರಿದ್ದು 1881ರಲ್ಲಿ. ಹಾಗಾಗಿ ಅಪ್ಪಣೆಯನ್ನು ಅಸಂಭವವೆಂದು ತಳ್ಳಿಹಾಕುವುದೂ ಸರಿಯಲ್ಲ. ಯಾರ ನೆಲದಲ್ಲಿ ಯಾರ ಮಾತು ನಡೆಯುತ್ತಿತ್ತೆಂಬ ಗೊಂದಲ ಆ ಕಾಲದ್ದೇ.

ಇಂಗ್ಲಿಷಿನಲ್ಲಿ ಈ ಮನೆಗೆ ಪ್ರಸಿದ್ಧಿ ತಂದವನು ವಾಲ್ಟರ್ ಯೆಲ್ಡಮ್ ಎಂಬ ಸೇನಾಧಿಕಾರಿ. ‘ಅಲೀಫ್ ಚೀಮ್’ ಎಂಬ ಕಾವ್ಯನಾಮದಲ್ಲಿ 1870ರ ದಶಕದಲ್ಲಿ ಬಂದ ಅವನ ‘ಲೇಸ್ ಆಫ್ ಇಂಡ್’ ಸಂಕಲನದಲ್ಲಿ ‘ದಿ ಡೆಸರ್ಟೆಡ್ ಬಂಗಲೋ’ ಎಂಬ ಪದ್ಯವಿದೆ. ದಂತಕಥೆಯೆಲ್ಲವೂ ಈ ಪದ್ಯದಿಂದಲೇ ಹುಟ್ಟಿತೆಂದರೆ ಅವಸರದ ತೀರ್ಮಾನವಾದೀತು. ಏಕೆಂದರೆ ಹೊಳೆಗೆ ಹಾರುವ ಪಾಠವನ್ನು ಕೇಳಿದ ಕನ್ನಡ ಓದುಗನಿಗೆ ಥಟ್ಟನೆ ನೆನಪಾಗುವುದು ‘ಕೆರೆಗೆ ಹಾರ’. ದಂಡಿನಿಂದ ಮರಳುವ ಮಾದೇವರಾಯ, ಮನೆಯಲ್ಲಿಲ್ಲದ ಭಾಗೀರಥಿ, ತಡವಾಗಿ ತಿಳಿಯುವ ನಿಜ, ಕೊನೆಗೆ ನೀರು: ಘಟನೆಗಳ ಅನುಕ್ರಮ ಒಂದೇ. ಇದರಿಂದ ನೇರ ಪ್ರಭಾವವೇನೂ ಸಿದ್ಧವಾಗುವುದಿಲ್ಲ. ಆದರೆ ದಂಡಿನವನ ದುಃಖವನ್ನು ಹೇಳಲು ಈ ನಾಡಿನಲ್ಲಿ ಒಂದು ಅಚ್ಚು ಮೊದಲೇ ಇತ್ತು. ಪರಕೀಯ ದೊರೆಯೊಬ್ಬ ಅದರೊಳಗೆ ಹೊಂದಿಕೊಂಡ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಭಾಗೀರಥಿಯ ಸಾವಿನಿಂದ ಊರಿಗೆ ನೀರು ಬರುತ್ತದೆ. ಬಂಗಲೆಯ ಸಾವು ಯಾರಿಗೂ ಏನನ್ನೂ ಕೊಡುವುದಿಲ್ಲ. ಆ ಖಾಲಿತನವನ್ನು ತುಂಬಲೆಂದೇ ಕದಲಿಸದೆ ಉಳಿಸಿದ ವಸ್ತುಗಳ ಪ್ರಸಂಗ ಬೇಕಾಯಿತೇನೋ.

ಕಥನದ ಮೌನವೂ ಗಮನಾರ್ಹ. ಇಂಥ ಬಂಗಲೆಗಳು ಅಡಿಗೆಯವರು, ದಾಯಿಗಳು, ಮಾಲಿಗಳು, ನೀರು ಹೊರುವವರಿಲ್ಲದೆ ನಡೆಯುತ್ತಿರಲಿಲ್ಲ. ಕರ್ನಲ್ ಮರಳುವಷ್ಟರಲ್ಲಿ ಮನೆಯಲ್ಲಿ ಸಾವು ಸಂಭವಿಸಿತೆಂದರೆ ಅದನ್ನು ಕಂಡವರು, ಅವನಿಗೆ ಸುದ್ದಿ ಹೇಳಿದವರು ಅವರೇ. ಕಥೆಯ ಮೊದಲ ನಿರೂಪಕರೂ ಬಹುಶಃ ಅವರೇ. ಯಾವ ಪಾಠದಲ್ಲಿಯೂ ಅವರ ಹೆಸರಿಲ್ಲ. ಸ್ಮಶಾನವು 2000ದ ದಶಕದಲ್ಲಿ, ಅಲ್ಲಿ ಮಣ್ಣಾದ ಸ್ವಿಸ್ ಪಡೆಯ ಡಿ ಮ್ಯೂರಾನ್ ಮನೆತನದ ವಂಶಸ್ಥರ ನೆರವಿನಿಂದ ದುರಸ್ತಿಗೊಂಡಿತು. ಬಂಗಲೆಗೆ ಹಾಗೆ ಬಂದು ಕೇಳುವ ವಂಶಸ್ಥರು ಯಾರೂ ಇರಲಿಲ್ಲ.